ನೆಲಮಾಳಿಗೆಗೆ ಇಳಿದ ಬೆಂಕಿ

ನಮಸ್ಕಾರ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ನೋಸ್ ವೇಲ್ ಸ್ಮಶಾನದ ಹೆಸರನ್ನು ನಮ್ಮಲ್ಲಿ ಕೇಳಿದವರು ಬಹುಮಟ್ಟಿಗೆ ರಾಜಾ ರಾಮಮೋಹನ ರಾಯರ ಸಮಾಧಿಯ ಕಾರಣದಿಂದ ಕೇಳಿರುತ್ತಾರೆ. ಸಮಾಧಿಗೆ ಕೈಮುಗಿದು ಹಿಂದಿರುಗುವವರು ಅದೇ ಆವರಣದ ಎರಡು ಪ್ರಾರ್ಥನಾ ಮಂದಿರಗಳನ್ನೂ ನಿಂತು ನೋಡಬೇಕೆಂಬುದು ನನ್ನ ಮನವಿ.

ಊರೊಳಗಿನ ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗವೇ ಉಳಿಯದಿದ್ದ ಕಾಲದಲ್ಲಿ, ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿದ 1837ರಲ್ಲಿಯೇ, ಈ ಸ್ಮಶಾನದ ಕಂಪನಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿತು; 1839ರಲ್ಲಿ ಸ್ಮಶಾನ ತೆರೆಯಿತು. ವಾಸ್ತುಶಿಲ್ಪಿ ಚಾರ್ಲ್ಸ್ ಅಂಡರ್‌ವುಡ್. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದ ಆಂಗ್ಲಿಕನ್ನರಿಗೂ, ಆ ಚರ್ಚನ್ನು ಒಪ್ಪದ ಪಂಥಗಳಿಗೂ ಬೇರೆ ಬೇರೆ ಮಂದಿರಗಳು ಬೇಕಾಗಿದ್ದವು. ಅಂಡರ್‌ವುಡ್ ಆಂಗ್ಲಿಕನ್ನರಿಗೆ ಗಂಟೆಗೋಪುರವುಳ್ಳ ಇಟಾಲಿಯನ್ ಶೈಲಿಯ ಮಂದಿರವನ್ನು ಕಟ್ಟಿದ. ಇನ್ನೊಂದಕ್ಕೆ ತಲೆಯಲ್ಲಿ ಸುರುಳಿಗಳಿರುವ ಅಯೋನಿಕ್ ಕಂಬಗಳ ಗ್ರೀಕ್ ದೇಗುಲದ ರೂಪವನ್ನು ಕೊಟ್ಟ. ನನ್ನ ಕಣ್ಣಿಗೆ ಗ್ರೀಕ್ ಮಂದಿರವೇ ಹೆಚ್ಚು ಗಂಭೀರ. ಆಕಾಶದತ್ತ ಕೈಚಾಚುವ ಶಿಖರವಿಲ್ಲದೆಯೂ ಅದು ದುಃಖಿತರನ್ನು ಮೌನವಾಗಿ ಒಳಗೆ ಕರೆದುಕೊಳ್ಳುತ್ತದೆ.

ಆಗ ಬ್ರಿಟನ್ನಿನಲ್ಲಿ ದಹನದ ರೂಢಿಯಿರಲಿಲ್ಲ. ಅದು ಅಪರಾಧವಲ್ಲವೆಂದು ನ್ಯಾಯಾಲಯ ಹೇಳಿದ್ದು 1884ರಲ್ಲಿ; ಮರುವರ್ಷ ವೋಕಿಂಗ್‌ನ ಚಿತಾಗಾರದಲ್ಲಿ ಮೊದಲ ದಹನ ನಡೆಯಿತು. ಬೆಂಕಿಯೆಂದರೆ ಹಿಂಜರಿಯುತ್ತಿದ್ದ ಸಮಾಜವನ್ನು ಒಲಿಸಲು ವಾಸ್ತುಶಿಲ್ಪಿಗಳು ಅದಕ್ಕೆ ಚರ್ಚಿನ ಉಡುಪನ್ನು ತೊಡಿಸಿದರು. 1902ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ತೆರೆದ ಚಿತಾಗಾರದ ಚಿಮಣಿ ಕೆಂಪು ಇಟ್ಟಿಗೆಯ ಗೋಪುರವೊಂದರೊಳಗೆ ಅಡಗಿದೆ. ನೋಡುವವರಿಗೆ ಅದು ಇಟಲಿಯ ಚರ್ಚೊಂದರ ಗಂಟೆಗೋಪುರದಂತೆಯೇ ಕಾಣುತ್ತದೆ.

ಆರ್ನೋಸ್ ವೇಲ್‌ಗೆ ದಹನ ಬಂದದ್ದು ಇನ್ನೂ ತಡವಾಗಿ, 1928ರಲ್ಲಿ. ಹೂಳುವ ಸಂಸ್ಕಾರಕ್ಕೆಂದು ಕಟ್ಟಿದ ಗ್ರೀಕ್ ಮಂದಿರದ ನೆಲಮಾಳಿಗೆಯಲ್ಲಿ ಕುಲುಮೆಯನ್ನು ಇಟ್ಟರು: ಮೇಲೆ ಪ್ರಾರ್ಥನೆ, ಕೆಳಗೆ ದಹನ. 1998ರವರೆಗೂ ಅದು ನಡೆಯಿತು. ಈ ಮರೆಮಾಚುವಿಕೆಯಲ್ಲಿ ಕರುಣೆಯಿತ್ತೆಂಬುದನ್ನು ನಾನು ಒಪ್ಪುತ್ತೇನೆ. ಹೆತ್ತವರನ್ನು ಕಳೆದುಕೊಂಡವರಿಗೆ ಕುಲುಮೆಯ ಬಾಯನ್ನು ತೋರಿಸಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಮಗನ ಕೈಯಿಂದಲೇ ಅಗ್ನಿಸ್ಪರ್ಶವಾಗಬೇಕೆಂದು ನಂಬುವ ಕುಟುಂಬಕ್ಕೆ, ಬೆಂಕಿಯನ್ನು ಕಣ್ಣಿನಿಂದ ದೂರವಿಡಲು ರೂಪುಗೊಂಡ ಕಟ್ಟಡ ಅರ್ಧ ಸಂಸ್ಕಾರವನ್ನಷ್ಟೇ ಕೊಡುತ್ತದೆ. ಇಂದಿಗೂ ಅನೇಕ ಚಿತಾಗಾರಗಳಲ್ಲಿ ಮಗನಿಗೆ ಉಳಿಯುವುದು ಒಂದು ಗುಂಡಿಯನ್ನು ಒತ್ತುವ ಕೆಲಸ ಮಾತ್ರ.

ಇದಕ್ಕೆ ಎದುರಾದ ಇನ್ನೊಂದು ಕಲ್ಪನೆ ಅದೇ ಆವರಣದಲ್ಲಿದೆ. 1833ರಲ್ಲಿ ಬ್ರಿಸ್ಟಲ್ ಬಳಿ ತೀರಿಕೊಂಡ ರಾಮಮೋಹನ ರಾಯರನ್ನು ಮೊದಲು ತೋಟವೊಂದರಲ್ಲಿ ಹೂಳಿ, 1843ರಲ್ಲಿ ಇಲ್ಲಿಗೆ ತಂದರು. ದ್ವಾರಕಾನಾಥ ಟಾಗೋರರು ಸಮಾಧಿಯ ಮೇಲೆ ಕಟ್ಟಿಸಿದ, ವಿಲಿಯಂ ಪ್ರಿನ್ಸೆಪ್ ರೂಪಿಸಿದ ಛತ್ರಿ, ಅಂದರೆ ಕಂಬಗಳ ಮೇಲೆ ನಿಂತ ಮಂಟಪ, ನಾಲ್ಕೂ ಕಡೆ ತೆರೆದಿದೆ. ಉತ್ತರ ಭಾರತದಲ್ಲಿ ಅರಸರ ಚಿತೆ ಉರಿದ ಜಾಗದಲ್ಲಿ ಎಬ್ಬಿಸುತ್ತಿದ್ದ ಕಟ್ಟಡದ ರೂಪವದು. ಸತಿಯ ಚಿತೆಯನ್ನು ಆರಿಸಲು ಹೋರಾಡಿದವರ ಗೋರಿಯ ಮೇಲೆ ಅದನ್ನು ಕಂಡಾಗ ನನಗೆ ಮಾತು ಹೊರಡುವುದಿಲ್ಲ. ಗಾಳಿ, ಮಳೆ, ಬೆಳಕು, ಮೂರಕ್ಕೂ ಅಲ್ಲಿ ಪ್ರವೇಶವಿದೆ.

ತೆರೆದ ಚಿತೆಗಾಗಿ ನ್ಯೂಕ್ಯಾಸಲ್‌ನಲ್ಲಿ ಹೋರಾಡಿದ ದೇವೇಂದರ್ ಘಾಯ್ ಅವರ ಪ್ರಕರಣ 2010ರಲ್ಲಿ ಮೇಲ್ಮನವಿ ನ್ಯಾಯಾಲಯವನ್ನು ತಲುಪಿದಾಗ, ತೀರ್ಪು ನಿಂತದ್ದು ವಾಸ್ತುಶಿಲ್ಪದ ಪ್ರಶ್ನೆಯೊಂದರ ಮೇಲೆ: ದಹನ 'ಕಟ್ಟಡ'ದಲ್ಲಿಯೇ ಆಗಬೇಕೆನ್ನುವ 1902ರ ಕಾಯ್ದೆಯ ದೃಷ್ಟಿಯಲ್ಲಿ ಕಟ್ಟಡವೆಂದರೆ ಯಾವುದು? ಆಕಾಶಕ್ಕೆ ತೆರೆದುಕೊಂಡ ಚಾವಣಿಯ ರಚನೆಯೂ ಕಟ್ಟಡವೇ ಆಗಬಲ್ಲದೆಂದು ನ್ಯಾಯಮೂರ್ತಿಗಳು ಹೇಳಿದರು. ಅಂಥದ್ದೊಂದನ್ನು ಬ್ರಿಟನ್ನಿನಲ್ಲಿ ರೂಪಿಸಹೊರಡುವ ವಾಸ್ತುಶಿಲ್ಪಿ ಮೊದಲು ಆರ್ನೋಸ್ ವೇಲ್‌ಗೆ ಹೋಗಿ, ಗ್ರೀಕ್ ಮಂದಿರದ ನೆಲಮಾಳಿಗೆಗೆ ಇಳಿದು, ಅಲ್ಲಿಂದ ಹೊರಬಂದು ಛತ್ರಿಯ ಕೆಳಗೆ ನಿಲ್ಲಲಿ.