ಊರು ನೋಡುವ ಮೊದಲು ವಾರ ನೋಡಿ

ಹೋದ ವರ್ಷ ಜೂನ್ ತಿಂಗಳ ಒಂದು ಸೋಮವಾರ, ಮಧ್ಯಾಹ್ನ ಎರಡೂಕಾಲಿಗೆ, ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯ ಚೌಕದಲ್ಲಿ ನಾವು ಹಸಿದು ನಿಂತಿದ್ದೆವು. ಬೇಕರಿಗೆ ಬಾಗಿಲು. ದಿನಸಿ ಅಂಗಡಿಗೆ ಬಾಗಿಲು. ಇದ್ದ ಒಂದೇ ಹೋಟೆಲಿನವರು, ಅಡುಗೆಮನೆ ಮುಚ್ಚಿ ಕಾಲು ಗಂಟೆಯಾಯಿತು ಎಂದು ವಿನಯದಿಂದಲೇ ಹೇಳಿ ಕಳಿಸಿದ್ದರು. ಅಮ್ಮ ಕಾರಿನ ಡಿಕ್ಕಿಯಿಂದ ಚಕ್ಕುಲಿಯ ಡಬ್ಬಿ ತೆಗೆದರು. ಅಪ್ಪ ಚೌಕದ ನಡುವಿನ ಹೆಂಚಿನ ಮಾಡಿನ ಕೆಳಗೆ, ದಪ್ಪನೆಯ ಮರದ ಕಂಬಕ್ಕೆ ಒರಗಿ ಕುಳಿತು, ಆ ಬರಿದಾದ ಜಾಗವನ್ನು ಒಮ್ಮೆ ಸುತ್ತ ನೋಡಿ ಕೇಳಿದರು: “ಇದು ಸಂತೆಮಾಳ ಅಲ್ಲವೇನೋ? ಇಲ್ಲಿ ಸಂತೆ ಯಾವ ವಾರ?”

ನನಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ತುಲೂಸ್‌ನಲ್ಲಿದ್ದೇನೆ. ವಾರಾಂತ್ಯ ಬಂದರೆ ಕಾರು ಹತ್ತುವವನು. ನನಗೆ ಆರು ವರ್ಷದಲ್ಲಿ ಹೊಳೆಯದ ಪ್ರಶ್ನೆ ತಿಪಟೂರು ಕಡೆಯ ನಿವೃತ್ತ ಮೇಷ್ಟರಿಗೆ ಹತ್ತು ನಿಮಿಷದಲ್ಲಿ ಹೊಳೆಯಿತು.

ಅಂದು ನನ್ನ ಪಟ್ಟಿಯಲ್ಲಿ ಮೂರು ಹಳ್ಳಿಗಳಿದ್ದವು. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಎನ್ನುತ್ತಾರಲ್ಲ, ನಾನು ಸಂತೆಯೇ ಇಲ್ಲದ ದಿನ ಮೂರು ಮೊಳ ನೇಯಲು ಹೊರಟಿದ್ದೆ. ಮೂರೂ ಹಳ್ಳಿಗಳ ಬಾಗಿಲಲ್ಲಿ “ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು” ಎಂಬ ಕೂಟದ ಫಲಕವಿತ್ತು. ಈ ಕೂಟ ಹುಟ್ಟಿದ್ದು 1982ರಲ್ಲಿ, ಕೆಂಪು ಕಲ್ಲಿನ ಕೊಲೋಂಜ್ ಲಾ ರೂಜ್ ಎಂಬ ಹಳ್ಳಿಯ ಮೇಯರ್ ಶಾರ್ಲ್ ಸೆರಾಕ್ ಅವರ ಮುತುವರ್ಜಿಯಿಂದ. ಜನಸಂಖ್ಯೆ 2000 ಮೀರಿರಬಾರದು, ಕಾನೂನಿನ ರಕ್ಷಣೆ ಪಡೆದ ಎರಡು ತಾಣಗಳಾದರೂ ಇರಬೇಕು, ಹೀಗೆ ಅದಕ್ಕೆ ನಿಯಮಗಳಿವೆ. ಪಾಳು ಬೀಳಲಿದ್ದ ಎಷ್ಟೋ ಕಲ್ಲಿನ ಮನೆಗಳು ಉಳಿದದ್ದರಲ್ಲಿ ಅದರ ಪಾಲೂ ಇದೆ, ಅದನ್ನು ಹಳಿಯುವುದಿಲ್ಲ. ಆದರೆ ಆ ಫಲಕ ಹೇಳುವುದು ಗೋಡೆ ಚೆನ್ನಾಗಿದೆ ಎಂದಷ್ಟೇ. ಗೋಡೆಯ ಹಿಂದೆ ಇವತ್ತು ಯಾರಾದರೂ ಇದ್ದಾರೆಯೇ ಎಂಬುದನ್ನು ಹೇಳುವುದಿಲ್ಲ.

ಆದ್ದರಿಂದ ತುಲೂಸ್‌ನ ಕನ್ನಡದ ಮನೆಗಳಿಗೆಲ್ಲ ನನ್ನದೊಂದು ಮಾತು. ವಿಮಾನದ ಕೆಲಸ ಹಿಡಿದು ಬೆಂಗಳೂರಿನಿಂದ ಬಂದವರು ಇಲ್ಲಿ ಬೇಕಾದಷ್ಟು ಜನರಿದ್ದೇವೆ, ಬೇಸಿಗೆಯಲ್ಲಿ ಎಲ್ಲರ ಮನೆಗೂ ಊರಿನಿಂದ ಹಿರಿಯರು ಬರುತ್ತಾರೆ, ಎಲ್ಲರೂ ನಕ್ಷೆ ಹಿಡಿದು ಎಲ್ಲಿಗೆ ಹೋಗೋಣ ಎಂದು ಕೇಳುತ್ತಾರೆ. ಎಲ್ಲಿಗೆ ಎಂದು ಕೇಳಬೇಡಿ, ಯಾವತ್ತು ಎಂದು ಕೇಳಿ. ಉತ್ತರ ಗುರುವಾರ ಎಂದಾದರೆ ಊರು ತಾನಾಗಿಯೇ ಗೊತ್ತಾಗುತ್ತದೆ.

ಇದು ನನ್ನ ಕಲ್ಪನೆಯಲ್ಲ, ಇಲ್ಲಿನ ಊರುಗಳನ್ನು ಕಟ್ಟಿದ ಬಗೆಯೇ ಹಾಗಿದೆ. ಹದಿಮೂರು, ಹದಿನಾಲ್ಕನೇ ಶತಮಾನಗಳಲ್ಲಿ ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಮುನ್ನೂರಕ್ಕೂ ಹೆಚ್ಚು ಹೊಸ ಊರುಗಳು ಎದ್ದವು. ಬಾಸ್ಟೀಡ್ ಎನ್ನುತ್ತಾರೆ. ಅರಸರು, ಪಾಳೆಯಗಾರರು, ಮಠಗಳು ನೆಲ ಅಳೆದು, ನಡುವೆ ಚೌಕ ಬಿಟ್ಟು, ಸುತ್ತ ನೇರ ಬೀದಿಗಳನ್ನು ಎಳೆದು, ಒಕ್ಕಲು ಬನ್ನಿ ಎಂದು ಕರೆದರು. ಆ ಚೌಕ ಸಂತೆಗೆಂದೇ ಬಿಟ್ಟದ್ದು. ಸಂತೆ ನೆರೆದರೆ ಸುಂಕ, ಸುಂಕ ಬಂದರೆ ಒಡೆಯನಿಗೆ ಲಾಭ. ಚೌಕದ ಸುತ್ತಲಿನ ಮನೆಗಳ ಕೆಳಗಿನ ಕಮಾನಿನ ಮೊಗಸಾಲೆಗಳಲ್ಲಿ ಮಳೆ ಬಂದರೂ ವ್ಯಾಪಾರ ನಿಲ್ಲುವುದಿಲ್ಲ. ಅಂಥ ಊರನ್ನು ಸಂತೆಯಿಲ್ಲದ ದಿನ ನೋಡುವುದೆಂದರೆ ತೇರಿಲ್ಲದ ದಿನ ರಥಬೀದಿಯನ್ನು ಅಳೆದು ಬಂದಂತೆ.

ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಿಕೊಂಡು, ಅದೇ ವಾರ ಗುರುವಾರ, ನಾವು ವಿಲ್‌ಫ್ರಾಂಶ್ ದ ರೂಯೆರ್ಗ್‌ಗೆ ಹೋದೆವು. 1252ರಲ್ಲಿ ಅರಸ ಒಂಬತ್ತನೇ ಲೂಯಿಯ ತಮ್ಮ ಅಲ್ಫೋನ್ಸ್ ಕಟ್ಟಿಸಿದ ಬಾಸ್ಟೀಡ್ ಅದು. 2000ದ ಮಿತಿ ಮೀರಿ ಬೆಳೆದ ಊರಾದ್ದರಿಂದ ಸುಂದರ ಹಳ್ಳಿಗಳ ಕೂಟಕ್ಕೆ ಸೇರುವಂತೆಯೇ ಇಲ್ಲ. ಗುರುವಾರ ಬೆಳಿಗ್ಗೆ ಅಲ್ಲಿನ ನೋತ್ರ್ ದಾಮ್ ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೌಕ ಇಳಿಜಾರಾಗಿದೆ, ಒಂದು ಮೂಲೆಯಲ್ಲಿ ಇಗರ್ಜಿಯ ದೈತ್ಯ ಗೋಪುರ, ಅದರ ನೆರಳಲ್ಲಿ ಈರುಳ್ಳಿ ಸಸಿ, ಏಪ್ರಿಕಾಟ್, ಜೇನು, ಬತ್ತಿಯಂತೆ ಹೊಸೆದ ಬೆಳ್ಳುಳ್ಳಿ ಜಡೆ.

ಅಪ್ಪ ಮೊದಲ ಅಂಗಡಿಯಲ್ಲೇ ಒಂದು ಕರಬೂಜ ಎತ್ತಿ, ತಟ್ಟಿ, ಮೂಸಿ ನೋಡಿದರು. ಅಂಗಡಿಯಾಕೆಯ ಹುಬ್ಬು ಮೇಲೇರಿತು. ಇಲ್ಲಿ ಹಣ್ಣು ಮುಟ್ಟುವಂತಿಲ್ಲ. ಮೊದಲು “ಬೊಂಜೂರ್” ಎನ್ನಬೇಕು, ಅದಿಲ್ಲದೆ ಬೆಲೆ ಕೇಳಿದರೆ ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ನುಗ್ಗಿದಷ್ಟೇ ಒರಟು. ಚೌಕಾಸಿಯೂ ಇಲ್ಲ. ಅಪ್ಪನಿಗೆ ಇದು ಸಂತೆಯ ಅವಮಾನ ಎನಿಸಿತು. ಆದರೆ ಆಕೆ ಕೇಳಿದ ಒಂದು ಪ್ರಶ್ನೆಯನ್ನು ನಾನು ಕನ್ನಡಕ್ಕೆ ಹೇಳಿದ ಮೇಲೆ ಅವರು ಮೆತ್ತಗಾದರು: ಹಣ್ಣು ಈ ಮಧ್ಯಾಹ್ನಕ್ಕೋ, ರಾತ್ರಿಗೋ, ನಾಳೆಗೋ? ಮಧ್ಯಾಹ್ನಕ್ಕೆ ಎಂದಾಗ ರಾಶಿಯಲ್ಲಿ ಕೈಯಾಡಿಸಿ ತಾನೇ ಒಂದನ್ನು ಆರಿಸಿ ಕೊಟ್ಟಳು. ಹೊಳೆಯ ದಂಡೆಯಲ್ಲಿ ಕುಳಿತು ಕೊಯ್ದಾಗ, ಚೌಕಾಸಿ ಮಾಡಿ ತಂದ ಯಾವ ಹಣ್ಣೂ ಅಷ್ಟು ಹದವಾಗಿರಲಿಲ್ಲ ಎಂದು ಅಪ್ಪನೇ ಒಪ್ಪಿಕೊಂಡರು. ಅಮ್ಮ ಒಪ್ಪಲಿಲ್ಲ, ಆ ಬೆಲೆಗೆ ನಾಲ್ಕು ಬರುತ್ತಿತ್ತು ಎಂದರು.

ಸಸ್ಯಾಹಾರಿಗಳಿಗೆ ಒಂದೆರಡು ಎಚ್ಚರಿಕೆ. ಈ ಸೀಮೆಯ ಸಂತೆಗಳಲ್ಲಿ ಫಾರ್ಸು ಎಂಬ ಹಸಿರು ತಿಂಡಿ ಸಿಗುತ್ತದೆ, ಥೇಟ್ ನಮ್ಮ ಸೊಪ್ಪಿನ ವಡೆಯಂತೆ ಕಾಣುತ್ತದೆ, ಅದರಲ್ಲಿ ಮೊಟ್ಟೆಯಂತೂ ಇರುತ್ತದೆ, ಹಲವೊಮ್ಮೆ ಹಂದಿ ಮಾಂಸವೂ. ಹೋಟೆಲಿನಲ್ಲಿ ಸಾರ್ಲಾ ಆಲೂಗಡ್ಡೆ ಎಂದು ಬರೆದಿದ್ದರೆ ಅದು ಬಾತುಕೋಳಿ ಅಥವಾ ಹೆಬ್ಬಾತಿನ ಕೊಬ್ಬಿನಲ್ಲಿ ಹುರಿದದ್ದು. ಬ್ರೆಡ್ಡು, ಟೊಮ್ಯಾಟೊ, ಹಣ್ಣು, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ರೊಕಮಾದೂರ್ ಮೇಕೆ ಚೀಸ್ ಕಟ್ಟಿಸಿಕೊಂಡರೆ ಊಟ ಮುಗಿಯಿತು. ಈ ದೇಶದ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹೆಚ್ಚಿನವುಗಳಿಗೆ ಹೆಪ್ಪು ಹಾಕುವುದು ಪ್ರಾಣಿಯ ಜಠರದಿಂದ ತೆಗೆದ ರೆನೆಟ್‌ನಿಂದ ಎಂಬುದನ್ನು ಅಮ್ಮನಿಗೆ ಹೇಳಬೇಕೇ ಎಂದು ನಾನು ಆ ದಿನ ಯೋಚಿಸಿದೆ. ಹೇಳಿದೆ. ಅವರು ಹಣ್ಣು ತಿಂದರು.

ನನ್ನ ಮಾತಿಗೆ ಆಕ್ಷೇಪಗಳು ಬರುತ್ತವೆ, ಗೊತ್ತು. ಕಾರ್ದ್ ಸ್ಯೂರ್ ಸಿಯೆಲ್‌ಗೆ ಯಾವ ದಿನ ಹೋದರೂ ಚೆಂದವೇ ಅಲ್ಲವೇ ಎನ್ನುತ್ತಾರೆ. ಚೆಂದವೇ. 1222ರ ಬಾಸ್ಟೀಡ್, ಗುಡ್ಡದ ನೆತ್ತಿಯಲ್ಲಿದೆ, ಮಂಜು ಕವಿದ ಬೆಳಿಗ್ಗೆ ಮೋಡದ ಮೇಲೆ ತೇಲಿದಂತೆ ಕಾಣುತ್ತದೆ. ಆದರೆ ಅದರ ಹೆಸರು ಬರೀ ಕಾರ್ದ್ ಆಗಿತ್ತು, “ಆಕಾಶದ ಮೇಲಿನ” ಎಂಬ ಬಾಲ ಸೇರಿದ್ದು 1993ರಲ್ಲಿ. 2014ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ಫ್ರೆಂಚರ ನೆಚ್ಚಿನ ಹಳ್ಳಿ ಎಂಬ ಬಿರುದೂ ಬಂತು. ಆಗಸ್ಟ್ ಮಧ್ಯಾಹ್ನ ಅಲ್ಲಿ ನೀವು ನೋಡುವುದು ನಿಮ್ಮಂತೆಯೇ ನೋಡಲು ಬಂದವರನ್ನು.

ವಾರದ ನಡುವೆ ರಜೆ ಎಲ್ಲಿದೆ ಎಂದರೆ, ಶನಿವಾರ ಕಾಓರ್‌ಗೆ ಹೋಗಿ. ಕಾರು ಬೇಡ, ತುಲೂಸ್‌ನಿಂದ ರೈಲಿದೆ. ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಅಲ್ಲಿ ಇಗರ್ಜಿಯ ಮುಂದೆಯೇ ಸಂತೆ. ಮಧ್ಯಾಹ್ನ ವಾಲಾಂತ್ರೆ ಸೇತುವೆಗೆ ನಡೆಯಿರಿ. ಸೈತಾನನ ಜೊತೆ ಕರಾರು ಮಾಡಿಕೊಂಡು ಕಟ್ಟಿದ್ದೆಂದು ಕತೆ. 1879ರಲ್ಲಿ ದುರಸ್ತಿ ಮಾಡಿಸಿದ ಪೋಲ್ ಗೂ ಎಂಬಾತ ಒಂದು ಗೋಪುರದ ಮೂಲೆಯಲ್ಲಿ ಪುಟ್ಟ ಸೈತಾನನನ್ನು ಕೆತ್ತಿಸಿದ್ದಾನೆ, ಕತ್ತೆತ್ತಿ ಹುಡುಕಬೇಕು. ಭಾನುವಾರವೇ ಬೇಕೆಂದರೆ ಸ್ಯಾಂ ಆಂತೊನಾಂ ಇದೆ, ಒಂಬತ್ತು ಗಂಟೆಯೊಳಗೆ ತಲುಪದಿದ್ದರೆ ಕಾರು ನಿಲ್ಲಿಸಲು ಜಾಗ ಸಿಗದೆ ಒದ್ದಾಡುತ್ತೀರಿ.

ಸಂತೆ ಹನ್ನೆರಡೂವರೆಗೆ ಎತ್ತಿಹೋದ ಮೇಲೆ ಏನು? ಊರೆಲ್ಲ ಬಾಗಿಲು ಹಾಕುವ ಹೊತ್ತಿನಲ್ಲಿ ನೆಲದೊಳಗೆ ಇಳಿಯಿರಿ. ಕಾಓರ್‌ನ ಪೂರ್ವಕ್ಕೆ, ಸೆಲೆ ನದಿಯ ಕಣಿವೆಯಲ್ಲಿ, ಆದಿಮಾನವರು ಗೋಡೆಯ ಮೇಲೆ ಚಿತ್ರ ಬರೆದಿಟ್ಟ ಪೆಶ್ ಮೆರ್ಲ್ ಗುಹೆಯಿದೆ. 1922ರಲ್ಲಿ ಹದಿಹರೆಯದ ಮಕ್ಕಳು ತೆವಳಿ ಹೋಗಿ ಕಂಡುಹಿಡಿದದ್ದು. ಹೆಸರುವಾಸಿಯಾದ ಲಾಸ್ಕೊ ಗುಹೆಗೆ 1963ರಲ್ಲೇ ಬೀಗ ಬಿತ್ತು, ನೋಡಲು ಬಂದವರ ಉಸಿರೇ ಚಿತ್ರಗಳಿಗೆ ಕುತ್ತಾಗಿತ್ತು. ಈಗ ಅಲ್ಲಿ ತೋರಿಸುವುದು ಅಚ್ಚುಕಟ್ಟಾದ ಪ್ರತಿಕೃತಿಯನ್ನು. ಪೆಶ್ ಮೆರ್ಲ್‌ನಲ್ಲಿ ದಿನಕ್ಕೆ 700 ಜನರಿಗೆ ಮಾತ್ರ ಪ್ರವೇಶ, ಆದರೆ ನೋಡುವುದು ಮೂಲವನ್ನೇ. ಟಿಕೆಟ್ ಮೊದಲೇ ಕಾದಿರಿಸಿ, ಒಳಗೆ 12 ಡಿಗ್ರಿ ಚಳಿ, ಹಿರಿಯರಿಗೆ ಶಾಲು ಇರಲಿ. ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಚುಕ್ಕೆ ಕುದುರೆಗಳಿವೆ, ಸುಮಾರು 29,000 ವರ್ಷ ಹಳೆಯವು. ಈ ಚುಕ್ಕೆಗಳು ಚಿತ್ರಕಾರನ ಕಲ್ಪನೆಯೋ, ಏನಾದರೂ ಸಂಕೇತವೋ ಎಂದು ವಿದ್ವಾಂಸರು ಬಹುಕಾಲ ಜಗ್ಗಾಡಿದರು. 2011ರಲ್ಲಿ ಹಳೆಯ ಕುದುರೆ ಮೂಳೆಗಳ ಡಿಎನ್‌ಎ ಪರೀಕ್ಷಿಸಿದಾಗ ಅಂಥ ಚುಕ್ಕೆ ಕುದುರೆಗಳು ಆಗ ನಿಜವಾಗಿಯೂ ಇದ್ದವೆಂದು ತಿಳಿಯಿತು. ಕುದುರೆಗಳ ಸುತ್ತ, ಅಂಗೈ ಇಟ್ಟು ಬಣ್ಣ ಊದಿ ಮೂಡಿಸಿದ ಕೈಗಳ ಗುರುತಿದೆ. ಅದರ ಮುಂದೆ ಅಪ್ಪ ತಮ್ಮ ಕೈಯನ್ನು ಗಾಳಿಯಲ್ಲೇ ಎತ್ತಿ ಅಳತೆ ನೋಡಿದರು. ಮಾರ್ಗದರ್ಶಿ ಮುಟ್ಟಬೇಡಿ ಎನ್ನುವ ಮೊದಲೇ ಕೈ ಹಿಂದಕ್ಕೆ ಕಟ್ಟಿಕೊಂಡರು. ಬೆಳಗಿನ ಕರಬೂಜದ ಪಾಠ.

ಮೊನ್ನೆ ಫೋನಿನಲ್ಲಿ ಅವರಿಗೆ ಲಾಲ್ಬೆಂಕ್ ಊರಿನ ಟ್ರಫಲ್ ಸಂತೆಯ ಬಗ್ಗೆ ಹೇಳಿದೆ. ಟ್ರಫಲ್ ಎಂದರೆ ಓಕ್ ಮರದ ಬೇರಿನಲ್ಲಿ ಬೆಳೆಯುವ ಕಪ್ಪು ಅಣಬೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಮಂಗಳವಾರ ಮಧ್ಯಾಹ್ನ, ಬೀದಿಯುದ್ದಕ್ಕೂ ಬೆಂಚುಗಳ ಮೇಲೆ ಬುಟ್ಟಿಗಳು, ಮುಂದೊಂದು ಹಗ್ಗ. ಕೊಳ್ಳುವವರು ಹಗ್ಗದ ಈಚೆ ನಿಂತು ಮೂಸಿ ನೋಡುತ್ತಾರೆ, ಬೆಲೆಯ ಮಾತು ಪಿಸುದನಿಯಲ್ಲಿ, ಪಕ್ಕದವನಿಗೂ ಕೇಳಿಸಬಾರದು.

“ಹಾಗಾದರೆ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಮಾಡುತ್ತಿದ್ದ ವ್ಯಾಪಾರವೇ ಬಿಡು” ಎಂದರು ಅಪ್ಪ. “ಅಲ್ಲಿ ಚೌಕಾಸಿ ಉಂಟು ಎಂದಾಯಿತು.”

ಜನವರಿಗೆ ಬರುತ್ತಿದ್ದಾರೆ. ಎರಡನೇ ಮಂಗಳವಾರಕ್ಕೆ ರಜೆ ಬರೆದು ಕೊಟ್ಟಿದ್ದೇನೆ.