10 ಸೆಂಟಿಮೀಟರ್ ಗಡ್ಡೆ, ಬೆರಳಗಲದ ತೂತು: ಲಿವರ್ ಕೀಹೋಲ್ ಸರ್ಜರಿ ನಡೆಯೋದು ಹೀಗೆ

[ತೆರೆಯ ಮೇಲೆ: ಸಿ.ಟಿ. ಸ್ಕ್ಯಾನ್]

ಈ ಸ್ಕ್ಯಾನ್ ನೋಡಿ. ತೆರೆಯ ಎಡಗಡೆ ಕಾಣ್ತಿರೋದು ರೋಗಿಯ ಬಲಗಡೆ, ಸಿ.ಟಿ. ಓದೋದೇ ಹಾಗೆ. ಪಕ್ಕೆಲುಬಿನ ಮರೆಯಲ್ಲಿ ಇಷ್ಟಗಲ ಹರಡಿಕೊಂಡಿದೆಯಲ್ಲ, ಅದು ಲಿವರ್‌ನ ಗಡ್ಡೆ. ಅಡ್ಡಳತೆ 10 ಸೆಂಟಿಮೀಟರ್‌ಗೂ ಜಾಸ್ತಿ. ಇದನ್ನ ಕೀಹೋಲ್ ಸರ್ಜರಿಯಲ್ಲಿ, ಅಂದ್ರೆ ಲ್ಯಾಪರೋಸ್ಕೋಪಿಯಲ್ಲಿ ತೆಗೀಬಹುದು ಅಂದಾಗ ಎಲ್ಲರೂ ಕೇಳೋದು ಒಂದೇ: ಇಷ್ಟು ದೊಡ್ಡದು ಅಷ್ಟು ಚಿಕ್ಕ ತೂತಿಂದ ಹೊರಗೆ ಬರುತ್ತಾ?

ಬರಲ್ಲ. ಅದಕ್ಕೆ ಬೇರೆ ದಾರಿ ಇದೆ, ಕೊನೆಗೆ ತೋರಿಸ್ತೀನಿ. ಸರ್ಜನ್‌ಗೆ ಅದಕ್ಕಿಂತ ದೊಡ್ಡ ಕಷ್ಟ, ಒಳಗೆ ಕೈಯಾಡಿಸೋಕೆ ಜಾಗವೇ ಇಲ್ಲದಿರೋದು.

[ಆನಿಮೇಷನ್: ಲಿವರ್ ಮತ್ತು ರಕ್ತನಾಳಗಳು]

ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಲಿವರ್ ಒಳಗೆ ಹರಿಯುತ್ತೆ. ಅದರ ಬೆನ್ನಿಗೇ ಅಂಟಿಕೊಂಡು ಹೃದಯಕ್ಕೆ ಹೋಗೋ ಮಹಾಸಿರೆ ಇದೆ. ಹೊಟ್ಟೆ ತೆರೆದು ಮಾಡೋ ಆಪರೇಷನ್‌ನಲ್ಲಿ ಲಿವರನ್ನ ಅಂಗೈಯಲ್ಲಿ ಹಿಡಿದು, ಮಗ್ಗುಲಾಗಿಸಿ, ಹಿಂದೆ ಏನಿದೆ ಅಂತ ನೋಡಬಹುದು. ಕೀಹೋಲ್‌ನಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸ್ತಾರೆ. ಆ ಪೊಳ್ಳಿನಲ್ಲೇ ಕೆಲಸ. ದೊಡ್ಡ ಗಡ್ಡೆ ಆ ಪೊಳ್ಳನ್ನೂ ನುಂಗಿಬಿಡುತ್ತೆ. ಕಡ್ಡಿಯಂಥ ಉಪಕರಣದಿಂದ ಜೋರಾಗಿ ತಳ್ಳಿದ್ರೆ ಗಡ್ಡೆ ಒಡೆಯಬಹುದು. ಕ್ಯಾನ್ಸರ್ ಆಗಿದ್ರೆ ಅದರ ಜೀವಕೋಶಗಳು ಹೊಟ್ಟೆಯೊಳಗೆ ಚೆಲ್ಲಬಹುದು.

ಅದಕ್ಕೇ ಇಲ್ಲಿ ಕೆಲಸದ ಕ್ರಮವನ್ನೇ ತಿರುಗಿಸ್ತಾರೆ. ಸಾಮಾನ್ಯವಾಗಿ ಲಿವರನ್ನ ಸುತ್ತಲಿನ ಕಟ್ಟುಗಳಿಂದ ಬಿಡಿಸಿಕೊಂಡು ಆಮೇಲೆ ಕೊಯ್ಯೋದು. ಇಲ್ಲಿ ಗಡ್ಡೆ ಇದ್ದಲ್ಲೇ ಇರುತ್ತೆ. ಮೊದಲು ಆ ಭಾಗಕ್ಕೆ ರಕ್ತ ಕೊಡೋ ನಾಳಗಳನ್ನ ಮುಚ್ತಾರೆ, ಆಮೇಲೆ ಮುಂದಿನಿಂದ ಮಹಾಸಿರೆಯವರೆಗೂ ಸೀಳ್ತಾ ಹೋಗ್ತಾರೆ. ಬಿಡಿಸೋದು ಕಟ್ಟಕಡೆಗೆ.

[ಕ್ಲೋಸಪ್: ಹಸಿರಾಗಿ ಹೊಳೆಯುವ ಲಿವರ್]

ಎಲ್ಲಿ ಸೀಳಬೇಕು? ನಾಳ ಮುಚ್ಚಿದ ಮೇಲೆ ಇಂಡೊಸಯನಿನ್ ಗ್ರೀನ್ ಅನ್ನೋ ಬಣ್ಣವನ್ನ ರಕ್ತಕ್ಕೆ ಬಿಡ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ರಕ್ತ ಸಿಗೋ ಭಾಗ ಹಸಿರಾಗಿ ಹೊಳೆಯುತ್ತೆ, ತೆಗೀಬೇಕಾದ ಭಾಗ ಕಪ್ಪಾಗೇ ಉಳಿಯುತ್ತೆ. ಗಡಿ ತಾನಾಗಿ ಮೂಡುತ್ತೆ. ಆ ಗೆರೆಯ ಮೇಲೆ ಅಲ್ಟ್ರಾಸೌಂಡ್ ಕಂಪನದ ಉಪಕರಣವೊಂದು ಮೃದು ಭಾಗವನ್ನ ಪುಡಿಮಾಡಿ ಹೀರಿಕೊಳ್ಳುತ್ತೆ. ಎಲೆ ಕರಗಿಹೋದ ಮೇಲೆ ನರಗಳ ಜಾಲ ಮಾತ್ರ ಉಳಿಯುತ್ತಲ್ಲ, ಹಾಗೆ ರಕ್ತನಾಳಗಳು, ಪಿತ್ತನಾಳಗಳು ಎದ್ದು ಕಾಣ್ತವೆ. ಒಂದೊಂದಕ್ಕೂ ಕ್ಲಿಪ್ ಹಾಕಿ ಕತ್ತರಿಸಬೇಕು. ಗಂಟೆಗಟ್ಟಲೆ ಇದೇ ಕೆಲಸ, ನನಗಂತೂ ಇದನ್ನ ನೋಡಿದಷ್ಟೂ ಸಾಲದು.

ರಕ್ತಸ್ರಾವ ತಡೆಯೋಕೆ 1908ರಲ್ಲಿ ಜೇಮ್ಸ್ ಹೊಗಾರ್ತ್ ಪ್ರಿಂಗಲ್ ಅನ್ನೋ ಸರ್ಜನ್ ಹೇಳಿದ ಉಪಾಯ ಇವತ್ತಿಗೂ ಕೈಹಿಡಿಯುತ್ತೆ: ಲಿವರ್‌ಗೆ ರಕ್ತ ಹೋಗೋ ಬಾಗಿಲನ್ನೇ ಸ್ವಲ್ಪ ಹೊತ್ತು ಬಿಗಿಯೋದು. ಸಾಮಾನ್ಯವಾಗಿ 15 ನಿಮಿಷ ಬಿಗಿದು, 5 ನಿಮಿಷ ಸಡಿಲ. ಅನಿಲದ ಒತ್ತಡವೂ ಸಿರೆಗಳಿಂದ ರಕ್ತ ಸೋರೋದನ್ನ ತಗ್ಗಿಸುತ್ತೆ. ಆದರೆ ದೊಡ್ಡ ಸಿರೆ ಹರಿದರೆ ಅದೇ ಅನಿಲ ಅದರೊಳಗೆ ನುಗ್ಗಿ ಹೃದಯ ತಲುಪಬಹುದು. ಅದಕ್ಕೇ ಅರಿವಳಿಕೆ ತಜ್ಞರ ಕಣ್ಣು ಮಾನಿಟರ್ ಬಿಟ್ಟು ಕದಲಲ್ಲ.

ಎಷ್ಟು ತೆಗೆದರು ಅನ್ನೋದಕ್ಕಿಂತ ಎಷ್ಟು ಉಳೀತು ಅನ್ನೋದು ಮುಖ್ಯ. ಆರೋಗ್ಯವಾಗಿರೋ ಲಿವರ್‌ನಲ್ಲಿ ಕಾಲು ಭಾಗದಷ್ಟಾದರೂ ಉಳೀಬೇಕು, ಸಿರೋಸಿಸ್, ಅಂದ್ರೆ ಲಿವರ್ ಕಲೆಗಟ್ಟಿ ಗಡುಸಾಗೋ ಕಾಯಿಲೆ ಇದ್ರೆ ಸುಮಾರು 40 ಪರ್ಸೆಂಟ್. ಸಾಲದಿದ್ರೆ ಗಡ್ಡೆ ಕಡೆಯ ಪೋರ್ಟಲ್ ಸಿರೆಯನ್ನ (ಕರುಳಿನಿಂದ ಲಿವರ್‌ಗೆ ರಕ್ತ ತರೋ ಸಿರೆ) ಮುಚ್ಚಿ, ಉಳಿಯೋ ಭಾಗ ಬೆಳೆಯಲಿ ಅಂತ ಕೆಲವು ವಾರ ಕಾಯ್ತಾರೆ.

ರಿಪೋರ್ಟ್‌ನಲ್ಲಿ ‘ಹಿಮ್ಯಾಂಜಿಯೋಮಾ’ ಅಂತ ಇದ್ರೆ ದಯವಿಟ್ಟು ಗಾಬರಿ ಬೀಳಬೇಡಿ. ಅದು ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ. ದೊಡ್ಡದಿದ್ರೂ ತೊಂದರೆ ಕೊಡದಿದ್ರೆ ಸಾಮಾನ್ಯವಾಗಿ ಅದಕ್ಕೆ ಸರ್ಜರಿ ಬೇಡ.

2008ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಸೇರಿದ ತಜ್ಞರು ಕೀಹೋಲ್‌ಗೆ ಒಪ್ಪೋದು 5 ಸೆಂಟಿಮೀಟರ್‌ವರೆಗಿನ, ಅಂಚಿನಲ್ಲಿರೋ ಒಂಟಿ ಗಡ್ಡೆ ಅಂದಿದ್ರು. 2018ರಲ್ಲಿ ಪ್ರಕಟವಾದ ಓಸ್ಲೋ ಅಧ್ಯಯನದಲ್ಲಿ, 280 ರೋಗಿಗಳ ಪೈಕಿ ಕೀಹೋಲ್ ಆದವರಲ್ಲಿ 19 ಪರ್ಸೆಂಟ್, ತೆರೆದ ಸರ್ಜರಿಯಲ್ಲಿ 31 ಪರ್ಸೆಂಟ್ ಜನಕ್ಕೆ ತೊಡಕುಗಳಾದವು. ಅದು ಕರುಳಿನಿಂದ ಹರಡಿದ ಕ್ಯಾನ್ಸರ್‌ಗೆ, ಲಿವರ್‌ನ ಚಿಕ್ಕ ತುಂಡು ತೆಗೆದ ಕೇಸುಗಳದ್ದು. ದೈತ್ಯ ಗಡ್ಡೆಗೆ ಹಾಗೇ ಅನ್ವಯಿಸೋದು ತಪ್ಪು. ಇಲ್ಲಿ ಅನುಭವಿ ತಂಡವೇ ಬೇಕು, ಮತ್ತು ಅಗತ್ಯ ಬಿದ್ದ ಕ್ಷಣ ಹೊಟ್ಟೆ ತೆರೆಯೋಕೆ ಆ ತಂಡ ಹಿಂಜರೀಬಾರದು.

[ತೆರೆಯ ಮೇಲೆ: ಕಿಬ್ಬೊಟ್ಟೆಯ ಅಡ್ಡ ಗೆರೆ]

ಈಗ ಆ ಮೊದಲ ಪ್ರಶ್ನೆ. ಬಿಡಿಸಿದ ಭಾಗವನ್ನ ಒಳಗೇ ಚೀಲಕ್ಕೆ ತುಂಬ್ತಾರೆ. ಕಿಬ್ಬೊಟ್ಟೆಯಲ್ಲಿ, ಸಿಸೇರಿಯನ್‌ಗೆ ಕೊಯ್ಯೋ ಜಾಗದಲ್ಲೇ, ಒಂದು ಅಡ್ಡ ಗಾಯ ಮಾಡಿ ಚೀಲವನ್ನ ಎಳೀತಾರೆ. ಪಕ್ಕೆಲುಬಿನ ಕೆಳಗಿನ ಉದ್ದ ಗಾಯದಷ್ಟು ಇದು ನೋಯಲ್ಲ, ಉಸಿರಾಟಕ್ಕೂ ಅಡ್ಡಿಯಾಗಲ್ಲ. ಕ್ಯಾನ್ಸರ್ ಇದ್ರೆ ಪುಡಿಮಾಡಿ ತೆಗೆಯೋ ಹಾಗಿಲ್ಲ. ಇಡಿಯಾಗಿ ಲ್ಯಾಬ್‌ಗೆ ಹೋಗಬೇಕು: ಅಲ್ಲಿ ಕೊಯ್ದ ಮುಖಕ್ಕೆ ಶಾಯಿ ಬಳಿದು, ಗಡ್ಡೆಯ ಅಂಚು ಆ ಶಾಯಿಯಿಂದ ಎಷ್ಟು ಮಿಲಿಮೀಟರ್ ದೂರ ಇದೆ ಅಂತ ಅಳೀತಾರೆ.