ನಾರ್ವಾ ದಡದಲ್ಲಿ ಒಂದು ಬ್ರೆಡ್ಡಿನ ಬೆಲೆ

ನಮಸ್ಕಾರ ಕೇಳುಗರೇ. ಇವತ್ತು ಎಸ್ಟೋನಿಯಾದ ಬಗ್ಗೆ ಮಾತಾಡೋಣ. ಬಾಲ್ಟಿಕ್ ಸಮುದ್ರದ ದಂಡೆಯ, ರಷ್ಯಾದ ಗಡಿಗೆ ಅಂಟಿದ ಪುಟ್ಟ ದೇಶ ಅದು. ಎಲ್ಲರನ್ನೂ ಎಣಿಸಿದರೂ ಜನ 14 ಲಕ್ಷ ತುಂಬುವುದಿಲ್ಲ. ಈ ದೇಶ 2026ರಿಂದ 2029ರವರೆಗೆ, ವರ್ಷಕ್ಕೆ ಸರಾಸರಿ ತನ್ನ ಜಿಡಿಪಿಯ ಶೇ. 5.4ರಷ್ಟು ಹಣವನ್ನು ರಕ್ಷಣೆಗೆ ಎತ್ತಿಡಲು ತೀರ್ಮಾನಿಸಿದೆ. ನಾಲ್ಕು ವರ್ಷಕ್ಕೆ 1,000 ಕೋಟಿ ಯೂರೋಗಿಂತ ಜಾಸ್ತಿ. ತೊಟ್ಟಿಲ ಕೂಸನ್ನೂ ಸೇರಿಸಿ ತಲೆಗಿಷ್ಟು ಅಂತ ಹಂಚಿದರೆ ಒಬ್ಬೊಬ್ಬರ ಪಾಲಿಗೆ 7,000 ಯೂರೋ ದಾಟುತ್ತದೆ!

ಇಷ್ಟೊಂದು ಯಾಕೆ? ಉಕ್ರೇನ್ ಯುದ್ಧ ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ಆ ಯುದ್ಧಕ್ಕೆ ಹತ್ತು ವರ್ಷ ಮೊದಲೇ, 2012ರಲ್ಲೇ, ನೇಟೋ ಎಂಬ ಸೇನಾ ಕೂಟ ತನ್ನ ಸದಸ್ಯ ದೇಶಗಳ ರಕ್ಷಣಾ ಖರ್ಚಿಗೆ ಹಾಕಿದ, ಜಿಡಿಪಿಯ ಶೇ. 2ರ ಗೆರೆಯನ್ನು ಎಸ್ಟೋನಿಯಾ ಮುಟ್ಟಿತ್ತು. ಯೂರೋಪಿನ ದೊಡ್ಡ ದೊಡ್ಡ ದೇಶಗಳೇ ಆಗ ಕೈ ಬಿಗಿ ಹಿಡಿದಿದ್ದವು. ಎಸ್ಟೋನಿಯಾದ ಭಯ ಹಳೆಯದು, 1939ರದ್ದು. ಆ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ, ನಿಮ್ಮ ನೆಲದಲ್ಲಿ ನಮ್ಮ ಸೈನ್ಯಕ್ಕೆ ನೆಲೆ ಕೊಡಿ ಎಂದು ಒತ್ತಿ ಕೂತಿತು. ಎಸ್ಟೋನಿಯಾ ಒಪ್ಪಿತು, ಒಂದು ಯುದ್ಧವನ್ನೂ ಮಾಡದೆ. ಮರುವರ್ಷ ಜೂನ್‌ನಲ್ಲಿ ದೇಶವೇ ಕೈತಪ್ಪಿಹೋಯಿತು. 1941ರ ಜೂನ್‌ನಲ್ಲಿ ಸುಮಾರು 10,000 ಜನರನ್ನು ರೈಲಿಗೆ ತುಂಬಿ ದೂರಕ್ಕೆ ಸಾಗಿಸಿದರು. 1949ರ ಮಾರ್ಚ್‌ನಲ್ಲಿ ಮತ್ತೆ 20,000ಕ್ಕೂ ಹೆಚ್ಚು ಜನ ಸೈಬೀರಿಯಾದ ದಾರಿ ಹಿಡಿಯಬೇಕಾಯಿತು, ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಸ್ವಾತಂತ್ರ್ಯ ಮರಳಿದ್ದು 1991ರಲ್ಲಿ, ಆದರೂ ರಷ್ಯಾದ ಸೈನ್ಯ ಹೊರಟಿದ್ದು 1994ರ ಆಗಸ್ಟ್ 31ಕ್ಕೆ. ಅಜ್ಜಿಯ ಬಾಯಲ್ಲಿ ಇದನ್ನು ಕೇಳಿ ಬೆಳೆದ ಜನ ಇವತ್ತು ಬಜೆಟ್ ಬರೆಯುತ್ತಿದ್ದಾರೆ, ಅದನ್ನು ಮರೆತು ಬರೀ ಅಂಕಿ ನೋಡಿದರೆ ನಮಗೆ ಏನೂ ಅರ್ಥವಾಗುವುದಿಲ್ಲ.

ಹಣ ಎಲ್ಲಿಗೆ ಹೋಗುತ್ತದೆ? ಅವರ ಬಳಿ ಸ್ವಂತ ಯುದ್ಧವಿಮಾನಗಳಿಲ್ಲ. ಆಕಾಶ ಕಾಯಲು ನೇಟೋದ ಬೇರೆ ದೇಶಗಳು ಸರದಿಯ ಮೇಲೆ ವಿಮಾನ ಕಳಿಸುತ್ತವೆ. ನೆಲದ ಮೇಲೆ ಅವರ ಬಲ ಅಂದರೆ ಜನವೇ. ಗಂಡುಮಕ್ಕಳಿಗೆ ಕಡ್ಡಾಯ ಸೈನಿಕ ಸೇವೆ ಇದೆ, ಅದು ಮುಗಿಸಿ ಕೆಲಸಕ್ಕೆ ಮರಳಿದವರು ಮೀಸಲು ಪಡೆಯಲ್ಲಿ ಇರುತ್ತಾರೆ, ಕರೆ ಬಂದಾಗ ಅಂಗಡಿಯವನೂ ಮೇಷ್ಟ್ರೂ ಬಂದೂಕು ಹಿಡಿಯಬೇಕು. ಇಷ್ಟು ಜನರಿಗೆ ಮದ್ದುಗುಂಡು ಬೇಕು, ಅದೇ ದೊಡ್ಡ ಖರ್ಚು. ಜೊತೆಗೆ ವಾಯು ರಕ್ಷಣೆ, ಗಡಿಯಲ್ಲಿ 600 ಬಂಕರ್‌ಗಳ ಯೋಜನೆ. 2023ರ ಜನವರಿಯಲ್ಲಿ ತಮ್ಮ 155 ಮಿಲಿಮೀಟರ್ ಹೊವಿಟ್ಜರ್ ಫಿರಂಗಿಗಳನ್ನೆಲ್ಲ ಉಕ್ರೇನ್‌ಗೆ ಕೊಟ್ಟುಬಿಡುತ್ತೇವೆ ಎಂದರು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಕೊಡ ತುಂಬ ನೀರು ಕೊಟ್ಟ ಹಾಗೆ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲೇ.

ಈಗ ನನಗೆ ಬೇಜಾರಾಗುವ ಮಾತು. ಈ ಹಣ ಯಾರ ಜೇಬಿನಿಂದ? ಆದಾಯ ತೆರಿಗೆ 2025ರಲ್ಲಿ ಶೇ. 20ರಿಂದ 22ಕ್ಕೆ ಏರಿತು. ವ್ಯಾಟ್, ಅಂದರೆ ಸಾಮಾನು ಕೊಳ್ಳುವಾಗ ಕಟ್ಟುವ ತೆರಿಗೆ, 2024ರ ಜನವರಿಯಲ್ಲಿ 20ರಿಂದ 22ಕ್ಕೆ, 2025ರ ಜುಲೈನಲ್ಲಿ 24ಕ್ಕೆ. ಈ ಕೊನೆಯ ಏರಿಕೆಯಂತೂ ಭದ್ರತೆಯ ಹೆಸರಿನಲ್ಲೇ ಬಂತು. ಯೂರೋಪಿನ ಎಷ್ಟೋ ದೇಶಗಳಲ್ಲಿ ಊಟದ ಸಾಮಾನಿಗೆ ವ್ಯಾಟ್ ಕಡಿಮೆ. ಎಸ್ಟೋನಿಯಾದಲ್ಲಿ ಆ ರಿಯಾಯಿತಿ ಇಲ್ಲ, ಬ್ರೆಡ್ಡಿಗೂ ಹಾಲಿಗೂ ಅದೇ 24. ಸಾಹುಕಾರನಿಗೆ ಇದು ಗೊತ್ತೇ ಆಗುವುದಿಲ್ಲ, ಪಿಂಚಣಿಯಲ್ಲಿ ಬದುಕುವ ಮುದುಕಿಗೆ ಪ್ರತಿ ಸಲ ಅಂಗಡಿಗೆ ಹೋದಾಗಲೂ ಚುರುಕ್ ಅನ್ನುತ್ತದೆ. ಸರ್ಕಾರದ ಸಾಲವೋ ಯೂರೋಪಿಯನ್ ಒಕ್ಕೂಟದಲ್ಲೇ ತೀರಾ ಕಡಿಮೆ ಇರುವವರ ಸಾಲಿನಲ್ಲಿದೆ. ಇನ್ನೊಂದಿಷ್ಟು ಸಾಲ ಮಾಡಿ ಬ್ರೆಡ್ಡನ್ನಾದರೂ ಬಿಡಬಹುದಿತ್ತು, ಅಲ್ವಾ? ಖರ್ಚು ಬೇಕು ಅಂತ ಒಪ್ಪುತ್ತೇನೆ. ಭಾರ ಹೊರಿಸಿದ ರೀತಿಯನ್ನು ಒಪ್ಪಲಾರೆ.

ಈ ಭಾರ ನೋಡಬೇಕಾದರೆ ನಾರ್ವಾ ಊರನ್ನೇ ನೋಡಬೇಕು. ನದಿಯ ಈಚೆ ದಡದಲ್ಲಿ ಒಂದು ಕೋಟೆ, ಆಚೆ ದಡದಲ್ಲಿ ರಷ್ಯಾದ ಇವಾಂಗೊರೊಡ್ ಕೋಟೆ, ಎದುರುಬದುರು. ನಡುವಿನ ಸೇತುವೆಯಲ್ಲಿ 2024ರ ಫೆಬ್ರವರಿಯಿಂದ ವಾಹನ ಓಡಾಟ ನಿಂತು, ಜನ ಗಂಟುಮೂಟೆ ಎಳೆದುಕೊಂಡು ನಡೆದೇ ದಾಟತೊಡಗಿದರು. ಊರಿನ ಬಹುಪಾಲು ಜನರ ಮನೆಮಾತು ರಷ್ಯನ್. ಎಷ್ಟೋ ಜನರ ಅಕ್ಕ, ತಮ್ಮ, ಅಮ್ಮ ಆಚೆ ದಡದಲ್ಲಿದ್ದಾರೆ. ಅವರೂ ಈ ಬ್ರೆಡ್ಡನ್ನೇ ಕೊಳ್ಳುತ್ತಾರೆ. ಆ 24ರಲ್ಲಿ ಒಂದು ಪಾಲು ಆಚೆ ದಡದ ಕಡೆಗೆ ಮುಖ ಮಾಡಿ ನಿಲ್ಲುವ ಬಂಕರಿಗೂ ಹೋಗುತ್ತದೆ.

ನಮಸ್ಕಾರ.